ಸುಟ್ಟ ನಿವೇಶನದಲ್ಲಿ ಎಷ್ಟು ಮನೆ? ಪೆಸಿಫಿಕ್ ಪಾಲಿಸೇಡ್ಸ್ ಸಮುದಾಯ ಪರಿಷತ್ತಿನ ನಿಲುವು ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಪ್ರಶ್ನೆ: ನನ್ನ ತಮ್ಮನ ಕುಟುಂಬ ಲಾಸ್ ಏಂಜಲೀಸ್ ನಗರದ ಪೆಸಿಫಿಕ್ ಪಾಲಿಸೇಡ್ಸ್‌ನಲ್ಲಿ ನೆಲೆಸಿತ್ತು. 2025ರ ಜನವರಿಯ ಕಾಳ್ಗಿಚ್ಚಿನಲ್ಲಿ ಅವರ ಮನೆ ಪೂರ್ತಿ ಸುಟ್ಟುಹೋಯಿತು. ವಿಮೆಯ ಹಣ ಹೊಸ ಮನೆಗೆ ಸಾಲುವುದಿಲ್ಲ. ನಿವೇಶನವನ್ನು ಎರಡು ಮಾಡಿ, ಒಂದನ್ನು ಮಾರಿ, ಇನ್ನೊಂದರಲ್ಲಿ ಮನೆ ಕಟ್ಟಿಕೊಳ್ಳಬೇಕೆಂದು ತಮ್ಮ ಯೋಚಿಸಿದ್ದ. ಅಲ್ಲಿನ ಸಮುದಾಯ ಪರಿಷತ್ತು ಅದನ್ನು ವಿರೋಧಿಸಿತೆಂದೂ ಸರ್ಕಾರವೂ ತಡೆ ಹಾಕಿತೆಂದೂ ಹೇಳುತ್ತಾನೆ. ಆ ಪರಿಷತ್ತಿಗೆ ಇಂಥ ಅಧಿಕಾರ ಇದೆಯೇ? ಅದರ ವಾದ ನಿಜಕ್ಕೂ ಸುರಕ್ಷತೆಯದೋ, ಅಥವಾ ಸಿರಿವಂತರ ಬಡಾವಣೆಗೆ ಹೊಸಬರು ಬರಬಾರದೆಂಬ ಹಟವೋ? ತಮ್ಮನಿಗೆ ಬೇರೆ ದಾರಿ ಉಂಟೇ?

ಉತ್ತರ: ಪರಿಷತ್ತಿಗೆ ತಡೆ ಹಾಕುವ ಅಧಿಕಾರ ಇಲ್ಲ, ತಡೆ ಬಂದದ್ದು ರಾಜ್ಯಪಾಲರಿಂದ ಮತ್ತು ಮೇಯರ್‌ರಿಂದ. ಪರಿಷತ್ತಿನ ವಾದದಲ್ಲಿ ಸುರಕ್ಷತೆಯ ಅಂಶ ನಿಜವಾಗಿಯೂ ಇದೆ, ಆದರೆ ಅದು ರಸ್ತೆಗೆ ಸಂಬಂಧಿಸಿದ್ದು. ಮನೆಗಳು ಹೇಗೆ ಸುಡುತ್ತವೆ ಎಂಬ ಪ್ರಶ್ನೆಗೆ ಬಂದಾಗ ಅದೇ ವಾದ ಸಡಿಲವಾಗುತ್ತದೆ. ನಿಮ್ಮ ತಮ್ಮನ ಯೋಜನೆಗೆ ಈಗಿನ ರೂಪದಲ್ಲಿ ಅವಕಾಶ ಕಡಿಮೆ, ಆದರೆ ಅದೇ ನಿವೇಶನದಲ್ಲಿ ಎರಡನೆಯ ಮನೆ ಕಟ್ಟುವ ಇನ್ನೊಂದು ದಾರಿ ಮುಚ್ಚಿಲ್ಲ. ಇವನ್ನು ಬಿಡಿಸಿ ಹೇಳಲು ಸ್ವಲ್ಪ ಹಿನ್ನೆಲೆ ಬೇಕು.

2025ರ ಜನವರಿ 7ರ ಬೆಳಿಗ್ಗೆ ಪಾಲಿಸೇಡ್ಸ್‌ನ ಮೇಲಿನ ಬೆಟ್ಟದಲ್ಲಿ ಬೆಂಕಿ ಕಾಣಿಸಿತು. ಲಾಸ್ ಏಂಜಲೀಸ್ ನಗರದ ಮಧ್ಯಭಾಗದಲ್ಲಿ ಹಿಂದಿನ ಮೇ ತಿಂಗಳಿನಿಂದ ಅಲ್ಲಿಯವರೆಗೆ ಬಿದ್ದಿದ್ದ ಮಳೆ ಕೇವಲ 4 ಮಿಲಿಮೀಟರ್‌ನಷ್ಟು. ಅದಕ್ಕೆ ಮುಂಚಿನ ಎರಡು ಚಳಿಗಾಲಗಳಲ್ಲಿ ಚೆನ್ನಾಗಿ ಮಳೆಯಾಗಿ ಹುಲ್ಲು, ಪೊದೆ ದಟ್ಟವಾಗಿ ಬೆಳೆದು ನಂತರ ಒಣಗಿ ನಿಂತಿದ್ದವು. ಮರುಭೂಮಿಯ ಕಡೆಯಿಂದ ಬೆಟ್ಟ ಇಳಿದು ಬರುವ ಸಾಂಟಾ ಆನಾ ಗಾಳಿ ಅಂದು ಬಿರುಗಾಳಿಯ ವೇಗದಲ್ಲಿ ಬೀಸುತ್ತಿತ್ತು. ಜನವರಿ 1ರಂದು ಅದೇ ಬೆಟ್ಟದಲ್ಲಿ ಹತ್ತಿ ಆರಿಸಲಾಗಿದ್ದ ಸಣ್ಣ ಬೆಂಕಿಯ ಕೆಂಡ ನೆಲದೊಳಗೆ ಬೇರುಗಳಲ್ಲಿ ಉಳಿದು ಗಾಳಿಗೆ ಮತ್ತೆ ಹೊತ್ತಿಕೊಂಡಿತೆಂದು ಫೆಡರಲ್ ತನಿಖಾಧಿಕಾರಿಗಳು ಆಮೇಲೆ ಹೇಳಿದರು. ಮಲಿಬು, ಟೊಪಾಂಗ ಭಾಗಗಳೂ ಸೇರಿ 23,000 ಎಕರೆಗೂ ಹೆಚ್ಚು ಪ್ರದೇಶ ಸುಟ್ಟಿತು. 6,800ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. 12 ಜನ ಸತ್ತರು. ಅದೇ ಸಂಜೆ ಪೂರ್ವಕ್ಕೆ ಆಲ್ಟಡೀನಾದಲ್ಲಿ ಹೊತ್ತಿದ ಈಟನ್ ಬೆಂಕಿ 9,400ಕ್ಕೂ ಹೆಚ್ಚು ಕಟ್ಟಡಗಳನ್ನು ಕಬಳಿಸಿತು. ಅಲ್ಲಿ ಸತ್ತವರ ಸಂಖ್ಯೆ ಇನ್ನೂ ಹೆಚ್ಚು.

ಪೆಸಿಫಿಕ್ ಪಾಲಿಸೇಡ್ಸ್ ಸ್ವತಂತ್ರ ಊರಲ್ಲ, ಲಾಸ್ ಏಂಜಲೀಸ್ ನಗರದ ಒಂದು ಭಾಗ. 1922ರಲ್ಲಿ ಮೆಥಡಿಸ್ಟ್ ಪಂಥದವರು ಸ್ಥಾಪಿಸಿದ ವಸಾಹತು ಇದು. ನಡುವಿನ ಬಡಾವಣೆಯ ಬೀದಿಗಳಿಗೆ ಇಂದಿಗೂ ಆ ಪಂಥದ ಧರ್ಮಗುರುಗಳ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿವೆ. ಇಲ್ಲಿನ ಕಮ್ಯುನಿಟಿ ಕೌನ್ಸಿಲ್ 1973ರಿಂದ ಇದೆ. ವಿಭಾಗವಾರು ಆರಿಸಿದ ಪ್ರತಿನಿಧಿಗಳು ಮತ್ತು ಸ್ಥಳೀಯ ಸಂಘಗಳ ಪ್ರತಿನಿಧಿಗಳು ಸೇರಿ ನಡೆಸುವ ಸ್ವಯಂಸೇವಾ ಸಂಸ್ಥೆ ಅದು. 1999ರ ನಗರ ಸನ್ನದಿನ ನಂತರ ಲಾಸ್ ಏಂಜಲೀಸ್‌ನ ಬಹುಪಾಲು ಬಡಾವಣೆಗಳಲ್ಲಿ ನಗರದ ಮಾನ್ಯತೆ ಮತ್ತು ಅನುದಾನ ಪಡೆದ ನೆರೆಹೊರೆ ಪರಿಷತ್ತುಗಳು ಹುಟ್ಟಿಕೊಂಡವು. ಪಾಲಿಸೇಡ್ಸ್‌ನವರು ಆ ವ್ಯವಸ್ಥೆಗೆ ಸೇರದೆ ತಮ್ಮ ಹಳೆಯ ಪರಿಷತ್ತನ್ನೇ ಉಳಿಸಿಕೊಂಡರು. ನಮ್ಮ ವಾರ್ಡ್ ಸಮಿತಿಗಳಿಗೆ ಸಂವಿಧಾನದ 74ನೇ ತಿದ್ದುಪಡಿಯ ಬೆಂಬಲವಾದರೂ ಇದೆ. ಈ ಪರಿಷತ್ತಿಗೆ ಅದೂ ಇಲ್ಲ. ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ಎಂದುಕೊಂಡರೆ ನಿಮಗೆ ಅದರ ಸ್ಥಾನ ಅರ್ಥವಾದೀತು. ಅದು ಠರಾವು ಮಾಡಬಹುದು, ಪತ್ರ ಬರೆಯಬಹುದು, ನಗರ ಸಭೆಯ ಸದಸ್ಯರನ್ನು ಕರೆಸಿ ಪ್ರಶ್ನಿಸಬಹುದು. ನಕ್ಷೆಗೆ ಅನುಮೋದನೆ ಕೊಡುವುದು, ನಿರಾಕರಿಸುವುದು ಅದರ ಕೈಯಲ್ಲಿಲ್ಲ. ಆದರೂ ಐವತ್ತು ವರ್ಷ ಒಂದೇ ಪ್ರದೇಶದ ಪರವಾಗಿ ಮಾತಾಡಿದ ಸಂಸ್ಥೆಯ ಪತ್ರವನ್ನು ಚುನಾಯಿತರು ಪಕ್ಕಕ್ಕೆ ಸರಿಸುವುದು ಕಷ್ಟ. ಅದರಲ್ಲೂ ಸಾವಿರಾರು ಮತದಾರರು ಮನೆ ಕಳೆದುಕೊಂಡಿರುವಾಗ.

ಪರಿಷತ್ತಿನ ನಿಲುವಿನ ಸಾರ ಹೀಗಿದೆ: ಮನೆ ಕಳೆದುಕೊಂಡವರಿಗೆ ಅನುಮತಿ ಬೇಗ ಸಿಗಲಿ, ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಹಿಂದಿನ ವಲಯ ನಿಯಮಗಳೇ ಮುಂದುವರಿಯಲಿ, ಬೆಂಕಿಯ ಅಪಾಯ ಅತಿ ಹೆಚ್ಚೆಂದು ಗುರುತಿಸಿದ ವಲಯದಲ್ಲಿ ಮನೆಗಳ ಸಾಂದ್ರತೆ ಹಿಂದಿಗಿಂತ ಏರಬಾರದು. ಇದರಲ್ಲಿ ಮೊದಲ ಬೇಡಿಕೆ ವಾರದೊಳಗೆ ಈಡೇರಿತು. ಜನವರಿ 12ರಂದು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಮರುನಿರ್ಮಾಣಕ್ಕೆ ಪರಿಸರ ಪರಿಶೀಲನಾ ಕಾಯ್ದೆ ಮತ್ತು ಕರಾವಳಿ ಕಾಯ್ದೆಯ ಅನುಮತಿಗಳಿಂದ ವಿನಾಯಿತಿ ಕೊಟ್ಟರು. ಮರುದಿನ ಮೇಯರ್ ಕ್ಯಾರೆನ್ ಬ್ಯಾಸ್ ಅವರು ಹಿಂದಿನ ಮನೆ ಇದ್ದ ಜಾಗದಲ್ಲೇ, ಹಿಂದಿನ ಗಾತ್ರದ ಶೇ. 110ನ್ನು ಮೀರದಂತೆ ಕಟ್ಟುವವರಿಗೆ ತ್ವರಿತ ಮಾರ್ಗ ತೆರೆದರು. ಜಗಳ ಎದ್ದದ್ದು ಮೂರನೆಯ ಬೇಡಿಕೆಯ ಸುತ್ತ, ಅಂದರೆ ಎಸ್‌ಬಿ 9 ಎಂಬ ರಾಜ್ಯ ಕಾನೂನಿನ ಸುತ್ತ. ನಿಮ್ಮ ತಮ್ಮ ನೆಚ್ಚಿಕೊಂಡಿದ್ದೂ ಇದನ್ನೇ.

ಕ್ಯಾಲಿಫೋರ್ನಿಯಾದಲ್ಲಿ ಮನೆಗಳ ಕೊರತೆ ವಿಪರೀತ. 2021ರಿಂದ 2029ರ ಅವಧಿಗೆ ಲಾಸ್ ಏಂಜಲೀಸ್ ನಗರವೊಂದೇ 4,56,643 ಮನೆಗಳಿಗೆ ಅವಕಾಶ ಕಲ್ಪಿಸಬೇಕೆಂದು ಗುರಿ ನಿಗದಿಯಾಗಿದೆ. ಆದರೆ ನಗರದ ವಸತಿ ಭೂಮಿಯ ಮುಕ್ಕಾಲು ಪಾಲು ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ವಲಯದಲ್ಲಿದೆ. ಈ ಬಿಗಿಯನ್ನು ಸಡಿಲಿಸಲು 2021ರಲ್ಲಿ ಬಂದು 2022ರ ಜನವರಿ 1ರಿಂದ ಜಾರಿಯಾದ ಕಾನೂನು ಎಸ್‌ಬಿ 9. ಅದರ ಪ್ರಕಾರ ಅಂಥ ನಿವೇಶನವನ್ನು ಎರಡಾಗಿ ಒಡೆಯಬಹುದು, ಪ್ರತಿ ಭಾಗದಲ್ಲಿ ಎರಡು ಮನೆ ಕಟ್ಟಬಹುದು, ಒಟ್ಟು ನಾಲ್ಕು. ಭಾಗಗಳು ಹೆಚ್ಚುಕಡಿಮೆ ಸಮನಾಗಿರಬೇಕು, ಚಿಕ್ಕ ಭಾಗ ಮೂಲ ನಿವೇಶನದ ಶೇ. 40ಕ್ಕಿಂತ ಕಡಿಮೆ ಇರಬಾರದು, ಸಾಮಾನ್ಯವಾಗಿ 1,200 ಚದರ ಅಡಿಗಿಂತ ಚಿಕ್ಕದೂ ಆಗಬಾರದು. ಒಡೆಯುವ ಮಾಲೀಕ ಅಲ್ಲಿನ ಮನೆಗಳಲ್ಲೊಂದರಲ್ಲಿ ಮೂರು ವರ್ಷ ತಾನೇ ವಾಸಿಸುವ ಉದ್ದೇಶವಿದೆಯೆಂದು ಪ್ರಮಾಣಪತ್ರ ಕೊಡಬೇಕು. ಷರತ್ತು ಪೂರೈಸಿದರೆ ಅಧಿಕಾರಿ ಅನುಮತಿ ಕೊಡಲೇಬೇಕು. ಅಕ್ಕಪಕ್ಕದವರ ಅಹವಾಲು ಕೇಳುವ ಹಂತವೇ ಇಲ್ಲ. ಅತಿ ಅಪಾಯದ ಬೆಂಕಿ ವಲಯಕ್ಕೆ ಕಾನೂನಿನಲ್ಲಿ ಮೇಲ್ನೋಟಕ್ಕೆ ವಿನಾಯಿತಿ ಇದೆ, ಆದರೆ ಬೆಂಕಿ ತಡೆಯುವ ನಿರ್ಮಾಣ ಮಾನದಂಡಗಳನ್ನು ಪಾಲಿಸುವ ನಿವೇಶನಕ್ಕೆ ಆ ವಿನಾಯಿತಿ ಅನ್ವಯಿಸದು. ಹೊಸ ಮನೆಗಳೆಲ್ಲ ಆ ಮಾನದಂಡಗಳನ್ನು ಹೇಗೂ ಪಾಲಿಸಬೇಕಾದ್ದರಿಂದ, ವಿನಾಯಿತಿ ಕಾಗದದ ಮೇಲಷ್ಟೇ ಉಳಿಯಿತು.

ಸಾವಿರಾರು ನಿವೇಶನಗಳು ಒಮ್ಮೆಗೇ ಖಾಲಿಯಾದಾಗ ಈ ಕಾನೂನಿನ ಅರ್ಥವೇ ಬದಲಾಯಿತು. ಅಲ್ಲೊಂದು ಇಲ್ಲೊಂದು ಬಳಕೆಯಾಗುತ್ತಿದ್ದ ಅವಕಾಶವನ್ನು ಸುಟ್ಟ ನಿವೇಶನಗಳನ್ನು ಸಾಲುಸಾಲಾಗಿ ಕೊಂಡ ಬಿಲ್ಡರುಗಳು ಒಂದು ಪ್ರದೇಶಕ್ಕೇ ಅನ್ವಯಿಸಬಹುದೆಂಬ ಭಯ ಹುಟ್ಟಿತು. ಪರಿಷತ್ತು, ಆ ಭಾಗದ ನಗರ ಸಭಾ ಸದಸ್ಯೆ ಟ್ರೇಸಿ ಪಾರ್ಕ್ ಮತ್ತು ಮೇಯರ್ ಒತ್ತಾಯ ಹೇರಿದರು. 2025ರ ಜುಲೈ 30ರಂದು ರಾಜ್ಯಪಾಲರು, ಬೆಂಕಿಗೆ ತುತ್ತಾದ ಪ್ರದೇಶಗಳೊಳಗಿನ ಅತಿ ಅಪಾಯದ ವಲಯಗಳಲ್ಲಿ ಸ್ಥಳೀಯ ಆಡಳಿತಗಳು ಎಸ್‌ಬಿ 9ನ್ನು ನಿರ್ಬಂಧಿಸಬಹುದೆಂದು ಕಾರ್ಯಾದೇಶ ಹೊರಡಿಸಿದರು. ಮೇಯರ್ ತಕ್ಷಣವೇ ಪಾಲಿಸೇಡ್ಸ್‌ನಲ್ಲಿ ಅದನ್ನು ಬಳಸಿಕೊಂಡರು. ಗಮನಿಸಿ, ಇದು ಶಾಸನಸಭೆ ಮಾಡಿದ ತಿದ್ದುಪಡಿಯಲ್ಲ, ತುರ್ತುಸ್ಥಿತಿಯ ಅಧಿಕಾರದ ಕೆಳಗಿನ ಅಮಾನತು. ಮೂಲ ಕಾನೂನು ಹಾಗೆಯೇ ಇದೆ. ಆದ್ದರಿಂದ ಪರಿಷತ್ತು ಗೆದ್ದದ್ದು ಕಾಲಮಿತಿಯುಳ್ಳ ಗೆಲುವು.

ಈಗ ವಾದದ ಗಟ್ಟಿ ಭಾಗಕ್ಕೆ ಬರೋಣ. ಪಾಲಿಸೇಡ್ಸ್‌ನ ಭೂಗೋಳ ಇಕ್ಕಟ್ಟಿನದು. ದಕ್ಷಿಣಕ್ಕೆ ಸಮುದ್ರ, ಉತ್ತರಕ್ಕೆ ಸಾಂಟಾ ಮೋನಿಕಾ ಬೆಟ್ಟಸಾಲು, ನಡುವೆ ಕಮರಿಗಳು. ಊರಿನ ಬಹುಪಾಲು ವಾಹನಗಳು ಕೊನೆಗೆ ಸೇರಬೇಕಾದದ್ದು ಸನ್‌ಸೆಟ್ ಬೂಲೆವಾರ್ಡ್‌ಗೆ, ಅಥವಾ ಅದರ ಮೂಲಕ ಕರಾವಳಿ ಹೆದ್ದಾರಿಗೆ. ಹೈಲ್ಯಾಂಡ್ಸ್ ಎಂಬ ಎತ್ತರದ ಬಡಾವಣೆಗೆ ಪಾಲಿಸೇಡ್ಸ್ ಡ್ರೈವ್ ಒಂದೇ ದಾರಿ. ಅದೂ ಇಳಿದು ಸನ್‌ಸೆಟ್‌ಗೇ ಸೇರುತ್ತದೆ. ಜನವರಿ 7ರ ಮಧ್ಯಾಹ್ನ ಈ ಎರಡು ರಸ್ತೆಗಳಲ್ಲಿ ಕಾರುಗಳು ನಿಂತಲ್ಲೇ ನಿಂತವು. ಪಕ್ಕದ ಇಳಿಜಾರು ಉರಿಯುತ್ತಿತ್ತು. ಪೊಲೀಸರು ಇಳಿದು ಓಡಿ ಎಂದು ಕೂಗಿದ ಮೇಲೆ ಜನ ಕಾರುಗಳನ್ನು ಅಲ್ಲೇ ಬಿಟ್ಟು, ಮಕ್ಕಳನ್ನೂ ನಾಯಿಗಳನ್ನೂ ಎತ್ತಿಕೊಂಡು ಸಮುದ್ರದ ಕಡೆಗೆ ನಡೆದರು. ಹೀಗೆ ಬಿಟ್ಟುಹೋದ ಕಾರುಗಳಿಂದ ಅಗ್ನಿಶಾಮಕ ವಾಹನಗಳಿಗೆ ಮೇಲೆ ಹೋಗಲು ದಾರಿಯಿಲ್ಲದಾಯಿತು. ಕೊನೆಗೆ ಬುಲ್ಡೋಜರ್ ತರಿಸಿ, ಕಾರುಗಳನ್ನು ಒಂದರ ಮೇಲೊಂದು ಒತ್ತಿ ಬದಿಗೆ ಸರಿಸಿ ದಾರಿ ಮಾಡಬೇಕಾಯಿತು. ರಸ್ತೆಯೊಂದು ಗಂಟೆಗೆ ಎಷ್ಟು ವಾಹನ ದಾಟಿಸಬಲ್ಲದು ಎಂಬುದು ಲೆಕ್ಕದ ವಿಷಯ. ಪಥಗಳ ಸಂಖ್ಯೆ, ಸಿಗ್ನಲ್, ತಿರುವು ಇವುಗಳೇ ಅದನ್ನು ತೀರ್ಮಾನಿಸುತ್ತವೆ. ಮನೆಗಳು ಹೆಚ್ಚಿ ರಸ್ತೆ ಹಾಗೆಯೇ ಉಳಿದರೆ ಊರು ಖಾಲಿಯಾಗಲು ಬೇಕಾದ ಸಮಯ ಹೆಚ್ಚುತ್ತದೆ. ಇದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ.

ರಾಜ್ಯದ ಕಾನೂನೂ ಇದನ್ನು ಒಪ್ಪುತ್ತದೆ. 2019ರ ಎರಡು ಕಾಯ್ದೆಗಳು, ಎಸ್‌ಬಿ 99 ಮತ್ತು ಎಬಿ 747, ನಗರಗಳ ಯೋಜನಾ ದಾಖಲೆಯ ಸುರಕ್ಷತಾ ಅಧ್ಯಾಯದಲ್ಲಿ ಎರಡು ನಿರ್ಗಮನ ಮಾರ್ಗವಿಲ್ಲದ ಬಡಾವಣೆಗಳನ್ನು ಗುರುತಿಸಬೇಕು, ತೆರವು ಮಾರ್ಗಗಳ ಸಾಮರ್ಥ್ಯವನ್ನು ಅಳೆಯಬೇಕು ಎನ್ನುತ್ತವೆ. ವಿಚಿತ್ರವೆಂದರೆ, ಹೀಗೆ ಅಳೆದು ಬಂದ ಅಂಕಿಯನ್ನು ಎಷ್ಟು ಮನೆಗೆ ಅನುಮತಿ ಎಂಬ ತೀರ್ಮಾನಕ್ಕೆ ಕಟ್ಟುವ ಕೊಂಡಿ ಎಸ್‌ಬಿ 9ರಲ್ಲಿ ಇಲ್ಲ. ಒಂದು ಇಲಾಖೆ ರಸ್ತೆ ಸಾಲದು ಎಂದು ಬರೆದಿಡುತ್ತದೆ, ಇನ್ನೊಂದು ಕಿಟಕಿಯಲ್ಲಿ ಅನುಮತಿ ಪತ್ರಕ್ಕೆ ಮುದ್ರೆ ಬೀಳುತ್ತದೆ. ಪರಿಷತ್ತು ಬೆರಳಿಟ್ಟು ತೋರಿಸಿದ ಈ ಕೊರತೆ ನಿಜವಾದದ್ದು. ರಸ್ತೆಯ ಸ್ಥಿತಿ ಬದಲಾಗುವವರೆಗೆ ಸಾಂದ್ರತೆ ಏರದಿರಲಿ ಎಂಬುದು ಸಮಂಜಸವಾದ ಬೇಡಿಕೆ ಎಂದೇ ನನ್ನ ಅಭಿಪ್ರಾಯ.

ಆದರೆ ಅದೇ ವಾದವನ್ನು ಮುಂದಕ್ಕೆ ಎಳೆದು, ಹೆಚ್ಚು ಮನೆ ಕಟ್ಟದಿದ್ದರೆ ಊರು ಸುರಕ್ಷಿತ ಎನ್ನುವಾಗ ನನಗೆ ಒಪ್ಪಿಗೆಯಿಲ್ಲ. ಜನವರಿಯಲ್ಲಿ ಸುಟ್ಟದ್ದು ಎಸ್‌ಬಿ 9ರ ಪಾಲಿಸೇಡ್ಸ್ ಅಲ್ಲ. ಒಂದು ನಿವೇಶನಕ್ಕೆ ಒಂದು ಮನೆಯ ಹಳೆಯ ಪಾಲಿಸೇಡ್ಸ್. ಇಂಥ ಗಾಳಿಯ ಬೆಂಕಿಯಲ್ಲಿ ಮನೆ ಹೊತ್ತುವುದು ಬಹುಮಟ್ಟಿಗೆ ಕಾಡಿನ ಜ್ವಾಲೆ ನೇರವಾಗಿ ತಾಕಿ ಅಲ್ಲ, ಮೈಲುಗಟ್ಟಲೆ ಹಾರಿಬರಬಲ್ಲ ಕಿಡಿಗಳಿಂದ. ಒಂದು ಕಿಡಿಯ ಪಯಣವನ್ನು ನೋಡಿ. ಅದು ಗೋಡೆಗೆ ಬಡಿದು ಬುಡದಲ್ಲಿ ಬೀಳುತ್ತದೆ. ಅಲ್ಲಿ ಹೂಪಾತಿಗೆ ಹರಡಿದ ಮರದ ತೊಗಟೆಯ ಚೂರುಗಳಿರುತ್ತವೆ. ಅಥವಾ ಮನೆಗೆ ತಾಗಿಕೊಂಡೇ ಕಟ್ಟಿದ ಮರದ ಗೇಟಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಥವಾ ಸೂರಿನ ಕೆಳಗೆ ಅಟ್ಟಕ್ಕೆ ಗಾಳಿಯಾಡಲು ಬಿಟ್ಟ ಜಾಲರಿಯ ಕಣ್ಣಿನಿಂದ ಒಳಗೆ ನುಗ್ಗುತ್ತದೆ. ಹಳೆಯ ಮನೆಗಳಲ್ಲಿ ಆ ಕಣ್ಣುಗಳು ಕಾಲಿಂಚಿನಷ್ಟು ದೊಡ್ಡವು. ಒಳಗೆ ಒಣಗಿದ ಮರದ ತೊಲೆ, ಕಾಗದದ ಪೆಟ್ಟಿಗೆಗಳು. ಹೊರಗಿನಿಂದ ಏನೂ ಕಾಣದ ಮನೆ ಹದಿನೈದಿಪ್ಪತ್ತು ನಿಮಿಷದಲ್ಲಿ ಒಳಗಿನಿಂದ ಉರಿದೇಳುತ್ತದೆ. ಆ ಮೇಲೆ ಕಾಡಿನ ಬೆಂಕಿಗೆ ಕೆಲಸವಿಲ್ಲ. ಹೊತ್ತಿದ ಮನೆಯೇ ಪಕ್ಕದ ಮನೆಗೆ ಇಂಧನ. ನಿಯಮದ ಪ್ರಕಾರ ಬದಿಗೆ ಐದೈದು ಅಡಿ ಬಿಟ್ಟು ಕಟ್ಟಿದ ಎರಡು ಮನೆಗಳ ನಡುವೆ ಹತ್ತಡಿ ಅಂತರ ಉಳಿಯುತ್ತದೆ, ಆ ಶಾಖಕ್ಕೆ ಸಾದಾ ಕಿಟಕಿಗಾಜು ಸಿಡಿಯುತ್ತದೆ. ನಡುವಿನ ಬಡಾವಣೆಯ ಬೀದಿಗಳು ಸಾಲಿಗೆ ಸಾಲೇ ಬೂದಿಯಾದದ್ದು ಹೀಗೆ.

ಹಾಗಾದರೆ ನಿರ್ಣಾಯಕವಾದದ್ದು ಮನೆ ಯಾವ ಸಾಮಗ್ರಿಯದು, ಗೋಡೆಯಿಂದ ಐದಡಿಯೊಳಗೆ ಏನಿದೆ, ಪಕ್ಕದ ಮನೆ ಎಷ್ಟು ದೂರದಲ್ಲಿದೆ ಎಂಬುದು. 2008ರಲ್ಲಿ ಜಾರಿಗೆ ಬಂದ ಕಟ್ಟಡ ಸಂಹಿತೆಯ 7ಎ ಅಧ್ಯಾಯ ಅಪಾಯ ವಲಯದ ಹೊಸ ಮನೆಗೆ ಬೆಂಕಿ ತಡೆಯುವ ಚಾವಣಿ, ಸಣ್ಣ ಕಣ್ಣಿನ ಅಥವಾ ಕಿಡಿ ತಡೆಯುವ ಜಾಲರಿ, ಶಾಖ ತಾಳುವ ಟೆಂಪರ್ಡ್ ಗಾಜು, ಸುಲಭವಾಗಿ ಹೊತ್ತದ ಹೊರಗೋಡೆ ಇವನ್ನು ಕಡ್ಡಾಯ ಮಾಡಿದೆ. 2018ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟಾಗ 2008ರ ನಂತರ ಕಟ್ಟಿದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಉಳಿದವು, ಹಳೆಯವುಗಳಲ್ಲಿ ಐದರಲ್ಲೊಂದೂ ಉಳಿಯಲಿಲ್ಲ ಎಂದು ಪತ್ರಿಕೆಯೊಂದರ ವಿಶ್ಲೇಷಣೆ ತೋರಿಸಿತ್ತು. ಆ ಲೆಕ್ಕದಲ್ಲಿ, 7ಎ ಪ್ರಕಾರ ಕಟ್ಟಿದ ಎರಡು ಚಿಕ್ಕ ಮನೆಗಳು 1950ರ ದಶಕದ ಒಂದು ಮನೆಗಿಂತ ಬೆಂಕಿಯನ್ನು ಚೆನ್ನಾಗಿ ಎದುರಿಸಬಹುದು. ತ್ವರಿತ ಅನುಮತಿಯ ಶೇ. 110ರ ನಿಯಮವಾದರೋ ಮನೆಯನ್ನು ಹಳೆಯ ಜಾಗದಲ್ಲೇ, ಇನ್ನೊಂದಿಷ್ಟು ದೊಡ್ಡದಾಗಿ ಕಟ್ಟಲು ಬಿಡುತ್ತದೆ; ನಡುವಿನ ಅಂತರ ಹತ್ತಡಿಯೇ ಉಳಿಯುತ್ತದೆ. ಇದರ ಬಗ್ಗೆ ಸುರಕ್ಷತೆಯ ಹೆಸರಿನಲ್ಲಿ ಹೆಚ್ಚು ತಕರಾರು ಕೇಳಿಬರದಿರುವುದು ನನಗೆ ಸ್ವಲ್ಪ ಆಶ್ಚರ್ಯವೇ.

ಐದಡಿಯ ಪ್ರಶ್ನೆ ಇನ್ನೂ ಸ್ವಾರಸ್ಯಕರ. ಮನೆಯ ಸುತ್ತ ಐದಡಿಯಲ್ಲಿ ಹೊತ್ತುವ ವಸ್ತು ಇರಬಾರದೆಂಬ, ಜೋನ್ ಜೀರೋ ಎಂದು ಕರೆಯುವ ನಿಯಮಕ್ಕೆ 2020ರಲ್ಲೇ ಕಾನೂನಿನ ಬುನಾದಿ ಬಿತ್ತು. 2023ರೊಳಗೆ ಬರಬೇಕಿದ್ದ ವಿವರ ನಿಯಮಗಳು ಬೆಂಕಿಯ ನಂತರ, 2025ರ ಫೆಬ್ರವರಿಯಲ್ಲಿ ರಾಜ್ಯಪಾಲರು ಮತ್ತೊಮ್ಮೆ ಗಡುವು ಹಾಕುವವರೆಗೆ ಕುಂಟುತ್ತಲೇ ಇದ್ದವು. ಲಾಸ್ ಏಂಜಲೀಸ್‌ನ ಹಲವು ಬೆಟ್ಟದ ಬಡಾವಣೆಗಳ ನಿವಾಸಿಗಳೇ ಇದನ್ನು ಬಲವಾಗಿ ವಿರೋಧಿಸಿದರು: ಹಸಿರು ಬೇಲಿ ಹೋಗುತ್ತದೆ, ನೆರಳಿನ ಮರ ಹೋಗುತ್ತದೆ, ಚೆನ್ನಾಗಿ ನೀರುಂಡ ಗಿಡ ಬೆಂಕಿಯನ್ನು ತಡೆಯಲೂಬಹುದು ಎಂದು. ಕೊನೆಯ ಮಾತಿನಲ್ಲಿ ಸ್ವಲ್ಪ ಹುರುಳಿದೆ. ವಿಜ್ಞಾನಿಗಳೂ ಇದರ ಬಗ್ಗೆ ಚರ್ಚಿಸುತ್ತಿದ್ದಾರೆ. ಆದರೂ ಪಕ್ಕದವನ ಎರಡನೆಯ ಮನೆ ಅಪಾಯಕಾರಿ, ನನ್ನ ಕಿಟಕಿಯ ಕೆಳಗಿನ ಬೇಲಿ ಅಪಾಯಕಾರಿಯಲ್ಲ ಎಂಬ ನಿಲುವನ್ನು ಯಾವ ಬಡಾವಣೆಯವರು ತಳೆದರೂ ಅದು ಸುರಕ್ಷತೆಯ ನಿಲುವಾಗಲಾರದು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಜಾಗ ಇದೇ. ಇಂಥ ಪರಿಷತ್ತುಗಳ ಪ್ರಾಮಾಣಿಕತೆಯನ್ನು ಅವು ಬೇರೆಯವರಿಗೆ ಏನನ್ನು ನಿಷೇಧಿಸುತ್ತವೆ ಎಂಬುದಕ್ಕಿಂತ ತಮ್ಮ ಸದಸ್ಯರಿಗೆ ಎಷ್ಟು ಹೊರೆ ಹೊರಿಸುತ್ತವೆ ಎಂಬುದರಿಂದ ಅಳೆಯಬೇಕು.

ಸಿರಿವಂತರ ಹಟ ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಪಾಲಿಸೇಡ್ಸ್‌ನಲ್ಲಿ ಕರಾವಳಿ ಹೆದ್ದಾರಿಯ ಪಕ್ಕ ಪಾಲಿಸೇಡ್ಸ್ ಬೋಲ್ ಮತ್ತು ತಹಿಶಿಯನ್ ಟೆರೇಸ್ ಎಂಬ ಎರಡು ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮನೆ) ವಸತಿಗಳಿದ್ದವು. ಮನೆ ನಿವಾಸಿಯದು, ಕೆಳಗಿನ ನೆಲ ಬೇರೆಯವರದು, ನೆಲಬಾಡಿಗೆಗೆ ಮಿತಿ ಉಂಟು. ಇದರಿಂದಾಗಿ ನಿವೃತ್ತ ಶಿಕ್ಷಕರಂಥವರೂ ಸಮುದ್ರದ ಎದುರು ಬದುಕಲು ಸಾಧ್ಯವಾಗಿತ್ತು. ಎರಡೂ ಸುಟ್ಟವು. ಎಕರೆಗೆ ಎಷ್ಟು ಮನೆ ಎಂದು ನೋಡಿದರೆ ಇಡೀ ಪ್ರದೇಶದಲ್ಲಿ ಅತಿ ಸಾಂದ್ರವಾದ ಜಾಗಗಳ ಸಾಲಿಗೆ ಸೇರುವಂಥವು ಇವು. ಹಿಂದಿನಂತೆಯೇ ಕಟ್ಟೋಣ ಎಂಬ ತತ್ವವನ್ನು ನಿಜವಾಗಿ ಪಾಲಿಸುವುದಾದರೆ ಆ ಮುನ್ನೂರಕ್ಕೂ ಹೆಚ್ಚು ಕುಟುಂಬಗಳೂ ಹಿಂದಿನಂತೆಯೇ ಮರಳಬೇಕು. ಆದರೆ ನೆಲದ ಒಡೆತನವಿಲ್ಲದವರ ಮರಳುವಿಕೆ ನೆಲದ ಒಡೆಯರ ಮರ್ಜಿಗೆ ಬಿಟ್ಟದ್ದು, ಶೇ. 110ರ ತ್ವರಿತ ಮಾರ್ಗ ಅವರ ಬಳಿ ಸುಳಿಯುವುದೇ ಇಲ್ಲ. ಇತ್ತ, ಸುಟ್ಟ ನಿವೇಶನಗಳನ್ನು ಕೊಂಡು ಮರುನಿರ್ಮಾಣವನ್ನು ಸಂಯೋಜಿಸುವ ಪ್ರಾಧಿಕಾರವೊಂದನ್ನು ಸ್ಥಾಪಿಸಲು ಸೆನೆಟರ್ ಬೆನ್ ಆಲನ್ ತಂದ ಎಸ್‌ಬಿ 549 ಮಸೂದೆಯ ಗತಿ ನೋಡಿ. ಸರ್ಕಾರ ಜಮೀನು ಕಿತ್ತುಕೊಂಡು ಕಡಿಮೆ ಆದಾಯದವರ ವಸತಿ ಕಟ್ಟುತ್ತದೆ ಎಂಬ ಸುದ್ದಿ ಸಾಮಾಜಿಕ ಜಾಲತಾಣಗಳಲ್ಲಿ ಎಷ್ಟು ಹಬ್ಬಿತೆಂದರೆ, 2025ರ ಜುಲೈನಲ್ಲಿ ಅವರೇ ಅದನ್ನು ತಡೆಹಿಡಿದರು. ಮಸೂದೆಯಲ್ಲಿ ಬಲವಂತದ ಸ್ವಾಧೀನ ಇರಲಿಲ್ಲ. ಆದರೆ ಬೂದಿ ಇನ್ನೂ ತೆರವಾಗದ ನಿವೇಶನದ ಮುಂದೆ ನಿಂತವರಿಗೆ ಕಲಮುಗಳನ್ನು ಓದಿ ವಿವರಿಸುವ ವ್ಯವಧಾನ ಯಾರಿಗಿತ್ತು?

ಆಲ್ಟಡೀನಾದಲ್ಲಿ ಇದೇ ಪ್ರಶ್ನೆ ಬೇರೆ ಬಣ್ಣ ತಳೆಯಿತು. ಅದು ಯಾವ ನಗರಕ್ಕೂ ಸೇರದೆ ನೇರ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಆಡಳಿತದಲ್ಲಿದೆ. ಅಲ್ಲಿನ ಟೌನ್ ಕೌನ್ಸಿಲ್ ಚುನಾಯಿತವಾದರೂ ಸಲಹೆ ಮಾತ್ರ ಕೊಡಬಲ್ಲದು. ಪಕ್ಕದ ಊರುಗಳಲ್ಲಿ ಮನೆ ಕೊಳ್ಳಲು ಬಿಡದಿದ್ದ ಕಾಲದಲ್ಲಿ ಕಪ್ಪು ಜನಾಂಗದ ಕುಟುಂಬಗಳು ಮನೆ ಕಟ್ಟಿಕೊಂಡ ಊರದು. ಆದ್ದರಿಂದ ಅಲ್ಲಿ ನಿವೇಶನ ಒಡೆಯುವುದರ ವಿರೋಧ ಎಂದರೆ ತಲೆಮಾರುಗಳ ಆಸ್ತಿ ಹೊರಗಿನ ಕಂಪನಿಗಳ ಪಾಲಾಗುವುದರ ವಿರೋಧ. ಬೀದಿಬೀದಿಯಲ್ಲಿ ಆಲ್ಟಡೀನಾ ಮಾರಾಟಕ್ಕಿಲ್ಲ ಎಂಬ ಫಲಕಗಳು ನಿಂತವು. ವಿಪರ್ಯಾಸವೆಂದರೆ, ಸುಟ್ಟ ಪ್ರದೇಶದ ಬಹುಭಾಗ ಅತಿ ಅಪಾಯದ ವಲಯದ ನಕ್ಷೆಯ ಹೊರಗಿತ್ತು. ಹೀಗಾಗಿ ವಲಯಕ್ಕೆ ಸೀಮಿತವಾದ ಜುಲೈ ಆದೇಶ ಅಲ್ಲಿನವರಲ್ಲಿ ಅನೇಕರಿಗೆ ಉಪಯೋಗಕ್ಕೆ ಬಾರದು. ಬೆಂಕಿಗೆ ಮೊದಲೇ ಕೌಂಟಿ ಅಲ್ಲಿಗೆ ಸಿದ್ಧಪಡಿಸುತ್ತಿದ್ದ ಯೋಜನೆ ಬೆಟ್ಟದ ತಪ್ಪಲಿನಲ್ಲಿ ಸಾಂದ್ರತೆ ಇಳಿಸಿ, ಬಸ್ಸು ಅಂಗಡಿಗಳಿರುವ ಮುಖ್ಯ ಬೀದಿಗಳ ಬಳಿ ಏರಿಸುವುದಾಗಿತ್ತು. ಬೇಡ ಎನ್ನುವ ಜೊತೆಗೆ ಎಲ್ಲಿ ಬೇಕು ಎಂದೂ ಹೇಳುವ ಇಂಥ ನಿಲುವು ಪಾಲಿಸೇಡ್ಸ್‌ಗೂ ಬೇಕಿತ್ತು.

ಹಿಂದಿನಂತೆಯೇ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಆ ರಾಜ್ಯದಲ್ಲೇ ಉದಾಹರಣೆಯುಂಟು. 1991ರಲ್ಲಿ ಓಕ್‌ಲ್ಯಾಂಡ್ ಬೆಟ್ಟಗಳಲ್ಲಿ 25 ಜನರನ್ನು ಬಲಿ ತೆಗೆದುಕೊಂಡ ಬೆಂಕಿಯ ನಂತರ ಮನೆಗಳು ಹಿಂದಿಗಿಂತ ದೊಡ್ಡವಾದವು, ಜನ ಸಿಕ್ಕಿಬಿದ್ದು ಸತ್ತಿದ್ದಂಥ ಕಿರಿದಾದ ರಸ್ತೆಗಳು ಬಹುತೇಕ ಹಾಗೆಯೇ ಉಳಿದವು. ಇನ್ನೊಂದು ತುದಿಗೆ ಪ್ಯಾರಡೈಸ್ ಇದೆ. 85 ಜನರನ್ನು ಬಲಿ ತೆಗೆದುಕೊಂಡ ಬೆಂಕಿಗೆ ತುತ್ತಾದ ಆ ಪಟ್ಟಣದಲ್ಲಿ ಸುಮಾರು 26,000ದಷ್ಟಿದ್ದ ಜನಸಂಖ್ಯೆ 2020ರ ಗಣತಿಯ ವೇಳೆಗೆ ಐದು ಸಾವಿರಕ್ಕೂ ಕೆಳಗಿಳಿದಿತ್ತು. ಅಲ್ಲಿನ ಉದ್ಯಾನ ಮಂಡಳಿ ಅಂಚಿನ ಜಮೀನುಗಳನ್ನು ಕೊಂಡು ಬೆಂಕಿಗೆ ತಡೆಯಾಗುವ ಬಯಲು ಪಟ್ಟಿ ನಿರ್ಮಿಸಲು ಹೊರಟಿತು. ನಿವೇಶನದ ಬೆಲೆಯೇ ಆಕಾಶಕ್ಕೇರಿದ ಪಾಲಿಸೇಡ್ಸ್‌ನಲ್ಲಿ ಆ ದಾರಿ ಅಷ್ಟು ಸುಲಭವಲ್ಲ.

ಕೊನೆಗೆ ನಿಮ್ಮ ತಮ್ಮನ ವಿಷಯ. ಅವರು ಬಡ್ಡಿ ಎಣಿಸುವ ಬಿಲ್ಡರ್ ಅಲ್ಲ, ವಿಮೆ ಸಾಲದೆ ನಿವೇಶನ ಒಡೆಯಲು ಹೊರಟ ಗೃಹಸ್ಥ. ಇಂಥವರ ಸಂಖ್ಯೆ ಕಡಿಮೆಯೇನಿಲ್ಲ. ಬೆಂಕಿಗೆ ಹಿಂದಿನ ವರ್ಷ ದೊಡ್ಡ ವಿಮಾ ಕಂಪನಿಯೊಂದು ಪಾಲಿಸೇಡ್ಸ್‌ನಲ್ಲಿ ಸುಮಾರು 1,600 ಪಾಲಿಸಿಗಳನ್ನು ನವೀಕರಿಸದೆ ಬಿಟ್ಟಿತ್ತು. ಹಲವರು ಕೊನೆಯ ಆಸರೆಯಾದ ಫೇರ್ ಪ್ಲ್ಯಾನ್ ಎಂಬ ವಿಮಾ ಯೋಜನೆಗೆ ಹೋದರು. ಅದರಲ್ಲಿ ಒಂದು ಮನೆಗೆ ಸಿಗುವ ಗರಿಷ್ಠ ಮೊತ್ತ 30 ಲಕ್ಷ ಡಾಲರ್, ಅದೂ ಪ್ರೀಮಿಯಂ ಕಟ್ಟಿದಷ್ಟಕ್ಕೆ. ಬಿಲ್ಡರನ ಲಾಭಕ್ಕೆ ಹಾಕಿದ ತಡೆ ಇಂಥ ಕುಟುಂಬದ ಕೈಯನ್ನೂ ಕಟ್ಟಿತು ಎಂಬುದನ್ನು ಪರಿಷತ್ತು ತನ್ನ ಪತ್ರಗಳಲ್ಲಿ ಪರಿಗಣಿಸಬೇಕಾಗಿತ್ತು. ಮೂರು ವರ್ಷ ವಾಸದ ಷರತ್ತನ್ನು ಬಿಗಿಗೊಳಿಸಿ, ಬೆಂಕಿಗೆ ಮೊದಲಿನಿಂದ ಇದ್ದ ಮಾಲೀಕರಿಗೆ ಮಾತ್ರ ಅವಕಾಶ ಉಳಿಸಬಹುದಿತ್ತು.

ಉಳಿದಿರುವ ದಾರಿ ಎಡಿಯು, ಅಂದರೆ ಮುಖ್ಯ ಮನೆಯ ಜೊತೆ ಅದೇ ನಿವೇಶನದಲ್ಲಿ ಕಟ್ಟುವ ಪ್ರತ್ಯೇಕ ಚಿಕ್ಕ ಮನೆ. ಇದು ಎಸ್‌ಬಿ 9ಕ್ಕೆ ಸೇರಿದ್ದಲ್ಲ, ಬೇರೆ ರಾಜ್ಯ ಕಾನೂನಿನದು; ಜುಲೈ ಆದೇಶ ಅಮಾನತು ಮಾಡಿದ್ದು ಎಸ್‌ಬಿ 9ನ್ನು. ಸಾಮಾನ್ಯವಾಗಿ 800 ಚದರ ಅಡಿಯವರೆಗಿನ ಎಡಿಯುವನ್ನು ನಗರ ನಿರಾಕರಿಸುವಂತಿಲ್ಲ. ಮುಖ್ಯ ಮನೆಯೊಳಗೇ 500 ಚದರ ಅಡಿಯವರೆಗಿನ ಇನ್ನೊಂದು ಘಟಕಕ್ಕೂ ಅವಕಾಶವಿದೆ. ಬೆಟ್ಟದ ಪ್ರದೇಶದಲ್ಲಿ ಸ್ಪ್ರಿಂಕ್ಲರ್, ರಸ್ತೆಯ ಅಗಲ, ಪಾರ್ಕಿಂಗ್ ಮುಂತಾದ ಹೆಚ್ಚುವರಿ ಷರತ್ತುಗಳು ಬರಬಹುದು. ನಿವೇಶನ ಒಡೆದು ಮಾರಿದಂತೆ ಇದನ್ನು ಮಾರಿ ಕೈತುಂಬ ಹಣ ಪಡೆಯಲಾಗದು, ಬಾಡಿಗೆಗೆ ಕೊಡಬಹುದು. ಆ ಬಾಡಿಗೆಯ ಆಧಾರದ ಮೇಲೆ ಬ್ಯಾಂಕು ಸಾಲದ ಮೊತ್ತ ಏರಿಸುತ್ತದೆಯೇ ಎಂದು ಕೇಳುವುದು ಮೊದಲ ಕೆಲಸ. ತೆರಿಗೆಯನ್ನೂ ಮರೆಯಬಾರದು. 1978ರ ಪ್ರೊಪೊಸಿಷನ್ 13 ಎಂಬ ತೆರಿಗೆ ನಿಯಮದ ದೆಸೆಯಿಂದ ಹಳೆಯ ಮಾಲೀಕರ ಆಸ್ತಿ ತೆರಿಗೆ ಹಳೆಯ ಮೌಲ್ಯದ ಮೇಲೆಯೇ ನಿಂತಿರುತ್ತದೆ. ವಿಪತ್ತಿನಲ್ಲಿ ನಾಶವಾದ ಮನೆಯನ್ನು ಹೆಚ್ಚುಕಡಿಮೆ ಹಿಂದಿನಂತೆಯೇ ಕಟ್ಟಿದರೆ ಆ ಮೌಲ್ಯ ಉಳಿಯುತ್ತದೆ. ಎಡಿಯುವಿನಂಥ ಹೊಸ ಭಾಗಕ್ಕೆ ಮಾತ್ರ ಇಂದಿನ ಮೌಲ್ಯದಲ್ಲಿ ತೆರಿಗೆ ಬೀಳುತ್ತದೆ. ನಿವೇಶನ ಪೂರ್ತಿ ಮಾರಿ ಬೇರೆಡೆ ಹೋಗುವ ಯೋಚನೆಯಿದ್ದರೆ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನಕ್ಷೆ ಮಾಡಿಸುವಾಗ ಶೇ. 110ರ ಮಿತಿಯನ್ನು ಪೂರ್ತಿ ಬಳಸುವ ಆಸೆಗೆ ಬೀಳದೆ, ಪಕ್ಕದ ಗೋಡೆಯಿಂದ ಸಾಧ್ಯವಾದಷ್ಟು ದೂರಕ್ಕೆ ಮನೆಯನ್ನು ಸರಿಸಲು ವಾಸ್ತುಶಿಲ್ಪಿಗೆ ಹೇಳಲಿ. ಎಡಿಯುವನ್ನೂ ಮುಖ್ಯ ಮನೆಗೆ ಅಂಟಿಸದೆ, ನಡುವಿನ ಜಾಗವನ್ನು ಕಲ್ಲುಹಾಸಿನಿಂದ ತುಂಬಿಸಲಿ. 2026ರ ಜನವರಿಯಿಂದ 7ಎ ಅಧ್ಯಾಯದ ನಿಯಮಗಳು ಪ್ರತ್ಯೇಕ ಸಂಹಿತೆಯಾಗಿ ಜಾರಿಗೆ ಬಂದಿವೆ, ಅರ್ಜಿ ಸಲ್ಲಿಸಿದ ದಿನಾಂಕದ ಮೇಲೆ ಯಾವುದು ಅನ್ವಯ ಎಂಬುದನ್ನು ಕಟ್ಟಡ ಇಲಾಖೆಯಿಂದ ಬರಹದಲ್ಲಿ ಪಡೆಯಲಿ. ಪರಿಷತ್ತಿನ ಸಭೆಗಳು ಸಾರ್ವಜನಿಕರಿಗೆ ಮುಕ್ತವಾಗಿವೆ; ವಿಮೆಯ ಹಣ ಸಾಕಾಗದ ಹಳೆಯ ನಿವಾಸಿಗಳಿಗೆ ನಿವೇಶನ ಒಡೆಯುವ ಸೀಮಿತ ಅವಕಾಶ ಬೇಕೆಂಬ ಮಾತನ್ನು ನಿಮ್ಮ ತಮ್ಮ ಅಲ್ಲಿ ಎತ್ತಬಹುದು. ಜುಲೈ ಆದೇಶ ತುರ್ತುಸ್ಥಿತಿಯದಾದ್ದರಿಂದ ಅದು ಶಾಶ್ವತವಾಗಿ ಉಳಿಯಲಾರದು.